ಸ್ವಿಚ್ಚಿನೊಳಗಿನ ಕ್ಯೂ ಮತ್ತು ಡೈರೆಕ್ಟರ್ ಸಾಹೇಬರ ಕಂಪ್ಯೂಟರು

ಟ್ರಂಕ್ ಕಾಲ್ ಬುಕ್ ಮಾಡಿ ಕಾದು ಕೂತ ನೆನಪು ನಿಮ್ಮಲ್ಲಿ ಎಷ್ಟು ಜನಕ್ಕಿದೆಯೋ ಗೊತ್ತಿಲ್ಲ. ನಮ್ಮೂರ ಪೋಸ್ಟಾಫೀಸಿನಲ್ಲಿ ಅಪ್ಪ ಬೆಂಗಳೂರಿಗೆ ಕಾಲ್ ಬುಕ್ ಮಾಡಿ, ಹೊರಗಿನ ಕಟ್ಟೆ ಮೇಲೆ ಕೂತು ಕಾಯುತ್ತಿದ್ದರು. ಜೊತೆಗೆ ನಾನು. ಆಗ ಕಾಲ್‌ಗಳಲ್ಲಿ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಬಗೆಗಳಿದ್ದವು. ಅರ್ಜೆಂಟ್ ಅಂದರೆ ಹೆಚ್ಚು ದುಡ್ಡು. ಲೈಟ್ನಿಂಗ್ ಅಂದರೆ ಇನ್ನೂ ಹೆಚ್ಚು ದುಡ್ಡು. ತಂತಿ ಅದೇ, ಎಕ್ಸ್‌ಚೇಂಜ್ ಅದೇ, ಆಪರೇಟರೂ ಅವರೇ. ಹೆಚ್ಚು ದುಡ್ಡು ಕೊಟ್ಟವರ ಮಾತು ತಂತಿಯಲ್ಲಿ ಬೇಗ ಓಡುತ್ತಿತ್ತು ಅಂತೇನಿಲ್ಲ. ಸಾಲಿನಲ್ಲಿ ಮುಂದಿನ ಜಾಗ ಸಿಗುತ್ತಿತ್ತು, ಅಷ್ಟೆ. ಆರ್ಡಿನರಿ ಬುಕ್ ಮಾಡಿದವರು ಇನ್ನಷ್ಟು ಹೊತ್ತು ಕಟ್ಟೆ ಮೇಲೆ.

ನೆಟ್‌ವರ್ಕ್ ಕೆಲಸ ಮಾಡಿಕೊಂಡಿರುವ ನನಗೆ 'ಕ್ವಾಲಿಟಿ ಆಫ್ ಸರ್ವೀಸ್' ಅನ್ನೋ ಮಾತು ಕಿವಿಗೆ ಬಿದ್ದಾಗಲೆಲ್ಲ ಆ ಕಟ್ಟೆ ನೆನಪಾಗುತ್ತೆ. ಹೆಸರು ಕೇಳಿದರೆ ಏನೋ ಎಲ್ಲರ ಸೇವೆಯ ಗುಣಮಟ್ಟ ಏರಿಸುವ ವಿದ್ಯೆ ಅನ್ನಿಸುತ್ತೆ. ಸ್ವಿಚ್ ಮಾರಲು ಬರುವವರೂ ಹಾಗೇ ಹೇಳ್ತಾರೆ. "ಸರ್, ಕ್ಯೂಓಎಸ್ ಆನ್ ಮಾಡಿದ್ರೆ ನೆಟ್‌ವರ್ಕ್ ಫಾಸ್ಟ್ ಆಗುತ್ತೆ." ಸುಳ್ಳು. ಕ್ಯೂಓಎಸ್‌ನಿಂದ ಒಂದು ಬಿಟ್ ಕೂಡ ಹೆಚ್ಚು ಹರಿಯಲ್ಲ. ಯಾರು ಮೊದಲು, ಯಾರು ಆಮೇಲೆ, ಜಾಗ ಸಾಲದಿದ್ದಾಗ ಯಾರನ್ನು ಹೊರಗೆ ಎಸೆಯಬೇಕು, ಇಷ್ಟನ್ನು ಮಾತ್ರ ಅದು ತೀರ್ಮಾನಿಸುತ್ತೆ. ಒಬ್ಬರನ್ನು ಮುಂದೆ ಬಿಟ್ಟರೆ ಇನ್ನೊಬ್ಬರು ಕಾಯಲೇಬೇಕು. ಹಾಗಾಗಿ ಇದು ಕಮಾಂಡು ಗೊತ್ತಿದ್ದರೆ ಮುಗಿಯುವ ಕೆಲಸ ಅಲ್ಲ, ನ್ಯಾಯದ ಪ್ರಶ್ನೆ ಅಂತ ನನ್ನ ವಾದ. ಇದನ್ನು ನಾನು ಕಲಿತದ್ದು ಒಂದು ಆಸ್ಪತ್ರೆಯಲ್ಲಿ, ಎರಡು ಸಲ ತಪ್ಪು ಮಾಡಿ.

ಆಸ್ಪತ್ರೆಯ ಹೆಸರು ಬೇಡ. ಜಿಲ್ಲಾ ಕೇಂದ್ರದ ಒಂದು ಖಾಸಗಿ ಆಸ್ಪತ್ರೆ. ಹಳೇ ಕಟ್ಟಡ ಒಂದು, ಎದುರಿಗೆ ಹೊಸ ಕಟ್ಟಡ ಒಂದು. ವಾರ್ಡುಗಳು, ಬಿಲ್ಲಿಂಗ್ ಕೌಂಟರು, ಆಡಳಿತದ ಕೋಣೆಗಳು ಹಳೆಯದರಲ್ಲಿ. ಲ್ಯಾಬು, ಸಿಟಿ ಸ್ಕ್ಯಾನು, ಸರ್ವರ್ ರೂಮು ಹೊಸದರಲ್ಲಿ. ಎರಡನ್ನೂ ಕೂಡಿಸಲು ನಡುವೆ ಒಂದು ಫೈಬರ್. ಆ ಫೈಬರಿನ ಎರಡೂ ತುದಿಗೆ ಯಾವುದೋ ಕಾಲದಲ್ಲಿ ಹಾಕಿದ್ದ ಮೀಡಿಯಾ ಕನ್ವರ್ಟರುಗಳು 100 ಎಂಬಿಪಿಎಸ್‌ನವು. ಉಳಿದೆಲ್ಲ ಕಡೆ ಒಂದು ಗಿಗಾಬಿಟ್ ಇದ್ದರೂ ಅಲ್ಲಿ ಮಾತ್ರ ರಸ್ತೆ ಕಿರಿದು. ಹಳೇ ಇಂಟರ್‌ಕಾಮ್ ತೆಗೆದು ಐಪಿ ಫೋನ್ ಹಾಕಿಸಿದ ಮೇಲೆ ದೂರು ಶುರುವಾಯ್ತು: ಮಾತು ಕಟ್ ಕಟ್ ಆಗುತ್ತೆ.

ನಾನು ಹೋದಾಗ ವಾರ್ಡಿನ ಸೀನಿಯರ್ ಸಿಸ್ಟರ್ ಒಬ್ಬರು ತಮ್ಮ ರಿಜಿಸ್ಟರ್ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು.

"ನೋಡಿ ಸರ್. ಲ್ಯಾಬಿನಿಂದ ಪೊಟ್ಯಾಸಿಯಂ ರಿಪೋರ್ಟ್ ಫೋನಲ್ಲಿ ಹೇಳಿದ್ರು. ನಂಗೆ ಕೇಳಿಸಿದ್ದು 'ಪಾಯಿಂಟ್ ಟೂ' ಅಂತ ಮಾತ್ರ. ಮುಂದಿನ ನಂಬರೇ ಇಲ್ಲ."

"ಆಮೇಲೆ?"

"ಮತ್ತೆ ಹೇಳಿ ಅಂದೆ. ಮತ್ತೆ ಕಟ್. ಮೂರನೇ ಸಲಕ್ಕೆ 'ಸಿಕ್ಸ್ ಪಾಯಿಂಟ್ ಟೂ' ಅಂದ್ರು. ನಾವು ಬರ್ಕೊಂಡು ವಾಪಸ್ ಓದಿ ಹೇಳಲೇಬೇಕು ಅಂತ ರೂಲ್ಸ್ ಇದೆ, ಅದಕ್ಕೆ ಬಚಾವು. ಫೋರ್ ಪಾಯಿಂಟ್ ಟೂ ಆದ್ರೆ ನಾರ್ಮಲ್. ಸಿಕ್ಸ್ ಪಾಯಿಂಟ್ ಟೂ ಅಂದ್ರೆ ಡಾಕ್ಟರನ್ನ ಎಬ್ಬಿಸ್ಬೇಕು ಸರ್."

ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ಏರುಪೇರಾಗಬಹುದು ಅಂತ ಅವರೇ ವಿವರಿಸಿದರು. ರೋಗಿಗೆ ಏನೂ ಆಗಲಿಲ್ಲ. ಆದರೆ ಆಗದೇ ಇದ್ದದ್ದು ಸಿಸ್ಟರ್ ಅವರ ಶಿಸ್ತಿನಿಂದ. ನಾವು ಹಾಕಿದ ಫೋನಿನಿಂದಂತೂ ಅಲ್ಲ.

ಈಗ ಸ್ವಲ್ಪ ಲೆಕ್ಕ. ಬೇಜಾರಾದರೂ ಓದಿ, ಇಡೀ ಜಗಳ ಇರೋದೇ ಈ ಲೆಕ್ಕದಲ್ಲಿ :)

ಐಪಿ ಫೋನು ನಮ್ಮ ಮಾತನ್ನು 20 ಮಿಲಿಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಸೆಕೆಂಡಿಗೆ 50 ಪ್ಯಾಕೆಟ್‌ಗಳಂತೆ ಕಳಿಸುತ್ತೆ. ಜಿ.711 ಅನ್ನೋ ಮಾಮೂಲಿ ಪದ್ಧತಿಯಲ್ಲಿ ಒಂದೊಂದು ತುಂಡಿನಲ್ಲಿ 160 ಬೈಟ್ ಮಾತು. ಮೇಲಿನ ಹೆಡರುಗಳೆಲ್ಲ ಸೇರಿ ಒಂದು ಕಾಲ್‌ಗೆ ಒಂದು ದಿಕ್ಕಿನಲ್ಲಿ ಸುಮಾರು 87 ಕಿಲೋಬಿಟ್. 'ಸಿಕ್ಸ್' ಅನ್ನೋಕೆ ಸುಮಾರು 300 ಮಿಲಿಸೆಕೆಂಡ್ ಬೇಕು ಅಂತಿಟ್ಟುಕೊಳ್ಳಿ. ಅಂದರೆ 15 ಪ್ಯಾಕೆಟ್. ಆ 15 ಕಳೆದುಹೋದರೆ ಆ ಅಂಕಿಯೇ ಹೋಯ್ತು. ಫೈಲ್ ಆಗಿದ್ದರೆ ಟಿಸಿಪಿ ಮತ್ತೆ ಕೇಳಿ ತರಿಸಿಕೊಳ್ಳುತ್ತಿತ್ತು. ಮಾತಿನಲ್ಲಿ ತಡವಾಗಿ ಬಂದ ಪ್ಯಾಕೆಟ್ಟೂ ಒಂದೇ, ಬರದೇ ಇದ್ದ ಪ್ಯಾಕೆಟ್ಟೂ ಒಂದೇ. ಬಾಯಿಂದ ಕಿವಿಗೆ ಒಂದು ದಿಕ್ಕಿನ ತಡ 150 ಮಿಲಿಸೆಕೆಂಡಿನ ಒಳಗಿದ್ದರೆ ಒಳ್ಳೆಯದು ಅಂತ ಐಟಿಯು ಸಂಸ್ಥೆಯ ಜಿ.114 ಶಿಫಾರಸು ಹೇಳುತ್ತೆ.

ಇನ್ನು ಎದುರು ಪಕ್ಷ. ಸಿಟಿ ಸ್ಕ್ಯಾನಿನ ಒಂದು ಚಿತ್ರ 512 ಗುಣಿಸು 512 ಚುಕ್ಕೆ, ಒಂದೊಂದು ಚುಕ್ಕೆಗೆ 2 ಬೈಟ್. ಅಂದರೆ ಅರ್ಧ ಮೆಗಾಬೈಟ್. 500 ಚಿತ್ರಗಳಿರುವ ಒಂದು ಸ್ಕ್ಯಾನ್ ಸುಮಾರು 260 ಮೆಗಾಬೈಟ್. ಹಳೇ ಕಟ್ಟಡದಲ್ಲಿ ಒಬ್ಬ ಡಾಕ್ಟರು ಇದನ್ನು ತೆರೆದರೆ 100 ಎಂಬಿಪಿಎಸ್ ದಾರಿ ಕಡಿಮೆ ಅಂದರೂ 21 ಸೆಕೆಂಡು ಭರ್ತಿ. ಅಷ್ಟು ಹೊತ್ತು ಸ್ವಿಚ್ಚಿನ ಆ ಪೋರ್ಟಿನಲ್ಲಿ ಕ್ಯೂ ನಿಂತಿರುತ್ತೆ. ಅಲ್ಲಿ ಒಂದು ಮೆಗಾಬೈಟ್ ಬಫರ್ ತುಂಬಿದ್ದರೆ, ಬಾಲದಲ್ಲಿ ನಿಂತ ಮಾತಿನ ಪ್ಯಾಕೆಟ್ ಹೊರಗೆ ಬರೋಕೆ 80 ಮಿಲಿಸೆಕೆಂಡು ಬೇಕು. ಬಫರಿನಲ್ಲಿ ಜಾಗವೇ ಇಲ್ಲದಿದ್ದರೆ ಪ್ಯಾಕೆಟ್ ಕಸದ ಬುಟ್ಟಿಗೆ.

ಮಜಾ ಕೇಳಿ. ಇದ್ಯಾವುದೂ ಗ್ರಾಫಿನಲ್ಲಿ ಕಾಣಿಸಲ್ಲ. ನಮ್ಮ ಮಾನಿಟರಿಂಗ್ ಸಾಫ್ಟ್‌ವೇರ್ 5 ನಿಮಿಷಕ್ಕೊಂದು ಸರಾಸರಿ ತೋರಿಸುತ್ತಿತ್ತು. 21 ಸೆಕೆಂಡು ಉಸಿರುಗಟ್ಟಿದ ದಾರಿಯನ್ನು 5 ನಿಮಿಷಕ್ಕೆ ಹಂಚಿದರೆ ಬರುವ ಸರಾಸರಿ ಶೇ. 7. "ಬರೀ ಏಳು ಪರ್ಸೆಂಟ್ ಬಳಕೆ ಇದೆ, ನೆಟ್‌ವರ್ಕ್ ತೊಂದರೆ ಅಲ್ಲವೇ ಅಲ್ಲ" ಅಂತ ಮೊದಲು ಇ-ಮೇಲ್ ಬರೆದವನು ನಾನೇ. ಸಿಸ್ಟರ್ ಹೇಳಿದ್ದು ಸುಳ್ಳು, ಗ್ರಾಫ್ ಹೇಳಿದ್ದು ನಿಜ ಅಂತ ನಂಬಿಬಿಟ್ಟಿದ್ದೆ. ನಂಬಬೇಕಾದದ್ದು ತಿರುಗಮುರುಗ.

ಕನ್ವರ್ಟರ್ ಬದಲಿಸಿದರೆ ಆಯ್ತಲ್ಲ ಮಾರಾಯ ಅಂತೀರಿ. ಸರಿ. ಅಗಲವಾದ ದಾರಿ ಅಗ್ಗವಾಗಿ ಸಿಗುವಾಗ ಮೊದಲು ಅದನ್ನೇ ಮಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಖರೀದಿ ಸಮಿತಿ, ಮೂರು ಕೊಟೇಶನ್, ಸಹಿ... ಮೂರು ತಿಂಗಳು. ಫೋನು ಇವತ್ತು ರಾತ್ರಿ ಸರಿಯಾಗಬೇಕು. ಇರುವ ಸ್ವಿಚ್ಚುಗಳಲ್ಲಿ ಕ್ಯೂಓಎಸ್ ಇತ್ತು, ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಪ್ಯಾಕೆಟ್ಟಿಗೆ ಗುರುತು ಹಾಕುವ ಪದ್ಧತಿ ಹೊಸದೇನಲ್ಲ. 1981ರಲ್ಲಿ ಐಪಿಯ ನಿಯಮ ಬರೆದಾಗಲೇ ಅದರ ಹೆಡರಿನಲ್ಲಿ ಆದ್ಯತೆಗೆ ಅಂತ ಮೂರು ಬಿಟ್ ಇಟ್ಟಿದ್ದರು. ರೊಟೀನ್, ಪ್ರಯಾರಿಟಿ, ಇಮೀಡಿಯೇಟ್, ಫ್ಲ್ಯಾಶ್, ಫ್ಲ್ಯಾಶ್ ಓವರ್‌ರೈಡ್ ಅಂತ ಮೆಟ್ಟಿಲುಗಳು. ಹೆಸರಲ್ಲೇ ಅಮೆರಿಕದ ಮಿಲಿಟರಿ ವಾಸನೆ ಬರುತ್ತೆ. 1998ರಲ್ಲಿ ಅದೇ ಜಾಗವನ್ನು ಆರು ಬಿಟ್‌ಗೆ ಹಿಗ್ಗಿಸಿ ಡಿಎಸ್‌ಸಿಪಿ ಅಂತ ಕರೆದರು, 0ಯಿಂದ 63ರವರೆಗೆ. ಮಾತಿಗೆ ಸಾಮಾನ್ಯವಾಗಿ ಹಾಕುವುದು 46. ಈಥರ್ನೆಟ್ಟಿನಲ್ಲೂ 802.1ಕ್ಯೂ ಟ್ಯಾಗಿನೊಳಗೆ ಮೂರು ಬಿಟ್ ಇವೆ, 0ಯಿಂದ 7. ಅಂದ ಹಾಗೆ, ಅಲ್ಲೊಂದು ತಮಾಷೆ ಇದೆ. ಆ ನಿಯಮದ ಶಿಫಾರಸಿನಲ್ಲಿ 1 ಅನ್ನೋದು 0ಗಿಂತ ಕೆಳಗೆ! ಯಾವ ಗುರುತೂ ಇಲ್ಲದ ಮಾಮೂಲಿ ಪ್ಯಾಕೆಟ್ 0. 'ನಂಗೇನೂ ಅವಸರ ಇಲ್ಲ, ಎಲ್ಲರೂ ಹೋದ ಮೇಲೆ ಹೋಗ್ತೀನಿ' ಅನ್ನುವ ಸಾಧು ಪ್ಯಾಕೆಟ್ 1.

ಮೊದಲ ತಪ್ಪು ಇಲ್ಲೇ ಆಯ್ತು. ಅಲ್ಲಿದ್ದದ್ದು ಹಳೇ ಮಾದರಿಯ ಸ್ವಿಚ್ಚು. ಕ್ಯೂಓಎಸ್ ಆನ್ ಮಾಡಿ ಬೀಗುತ್ತಾ ಮನೆಗೆ ಹೋದೆ. ಬೆಳಿಗ್ಗೆ ಫೋನುಗಳು ಮೊದಲಿಗಿಂತ ಕೆಟ್ಟದಾಗಿದ್ದವು. ಕೈಪಿಡಿ ಬಿಡಿಸಿ ನೋಡಿದರೆ, ಆ ಬಗೆಯ ಸ್ವಿಚ್ಚುಗಳಲ್ಲಿ ಕ್ಯೂಓಎಸ್ ಆನ್ ಮಾಡಿದ ಕೂಡಲೇ ಯಾವ ಪೋರ್ಟನ್ನೂ ಅದು ನಂಬಲ್ಲ. ಇಂಥ ಪೋರ್ಟಿನಿಂದ ಬರುವ ಗುರುತನ್ನು ನಂಬು ಅಂತ ನಾವು ಹೇಳುವವರೆಗೆ ಬಂದ ಗುರುತನ್ನೆಲ್ಲ ಅಳಿಸಿ 0 ಮಾಡಿಬಿಡುತ್ತೆ. ಫೋನು ಪಾಪ 46 ಅಂತ ಬರೆದು ಕಳಿಸುತ್ತಿತ್ತು, ಸ್ವಿಚ್ಚು ಒರೆಸಿ ಹಾಕುತ್ತಿತ್ತು.

ಆಗ ಬೈದುಕೊಂಡೆ. ಆಮೇಲೆ ಯೋಚಿಸಿದರೆ ಸ್ವಿಚ್ಚು ಮಾಡಿದ್ದೇ ಸರಿ. ಗುರುತು ಹಾಕೋಕೆ ಏನು ಕಷ್ಟ? ಯಾವ ಕಂಪ್ಯೂಟರಿನ ಯಾವ ಪ್ರೋಗ್ರಾಮ್ ಬೇಕಾದರೂ ತನ್ನ ಪ್ಯಾಕೆಟ್ಟಿಗೆ 46 ಅಂತ ಬರೆದುಕೊಳ್ಳಬಹುದು. ನಮ್ಮ ರಸ್ತೆಗಳಲ್ಲಿ ಗೂಟದ ಕಾರುಗಳ ಹಾವಳಿ ನೆನಪಿಸಿಕೊಳ್ಳಿ. ದೀಪ ಯಾರು ಬೇಕಾದರೂ ಹಾಕಿಕೊಳ್ಳಬಹುದು ಅಂತಾದಾಗ ಆಂಬುಲೆನ್ಸಿನ ದೀಪಕ್ಕೆ ಬೆಲೆ ಏನು ಉಳಿಯುತ್ತೆ? 2017ರ ಮೇ 1ರಿಂದ ಮಂತ್ರಿಗಳ ಕಾರಿನ ಗೂಟಗಳನ್ನೂ ಕಿತ್ತರು, ತುರ್ತು ಸೇವೆಯ ಗಾಡಿಗಳಿಗೆ ಮಾತ್ರ ಉಳಿಸಿದರು. ಸ್ವಿಚ್ಚಿನಲ್ಲೂ ಇದೇ ನಿಯಮ. ಫೋನನ್ನು ನಂಬು. ಫೋನಿನ ಹಿಂದೆ ತಗುಲಿಸಿದ ಕಂಪ್ಯೂಟರನ್ನು ನಂಬಬೇಡ, ಅದರ ಗುರುತನ್ನು 0 ಮಾಡು.

ಅದನ್ನು ಸರಿಪಡಿಸಿ, 46ರ ಪ್ಯಾಕೆಟ್‌ಗಳನ್ನು ಕಟ್ಟುನಿಟ್ಟಿನ ಆದ್ಯತೆಯ ಕ್ಯೂಗೆ ಹಾಕಿದೆ. ಆ ಕ್ಯೂನಲ್ಲಿ ಒಂದು ಪ್ಯಾಕೆಟ್ ಇದ್ದರೂ ಬೇರೆ ಕ್ಯೂಗಳ ಕಡೆ ಸ್ವಿಚ್ಚು ತಿರುಗಿಯೂ ನೋಡಲ್ಲ. ಆಗಲೇ ತಂತಿಗೆ ಇಳಿದಿರುವ ಪ್ಯಾಕೆಟ್ ಮುಗಿಯುವವರೆಗೆ ಮಾತ್ರ ಮಾತು ಕಾಯಬೇಕು. 1500 ಬೈಟಿನ ದೊಡ್ಡ ಪ್ಯಾಕೆಟ್ ಆದರೂ 100 ಎಂಬಿಪಿಎಸ್‌ನಲ್ಲಿ 0.12 ಮಿಲಿಸೆಕೆಂಡು. ಎಲ್ಲಿಯ 80, ಎಲ್ಲಿಯ 0.12!

ಇದರಿಂದ ಸ್ಕ್ಯಾನ್ ನೋಡುವ ಡಾಕ್ಟರಿಗೆ ಎಷ್ಟು ನಷ್ಟ? ಒಂದೇ ಹೊತ್ತಿಗೆ 60 ಜನ ಫೋನಲ್ಲಿ ಮಾತಾಡಿದರೂ ಸುಮಾರು 5 ಎಂಬಿಪಿಎಸ್. 21 ಸೆಕೆಂಡಿನ ಸ್ಕ್ಯಾನ್ 22 ಸೆಕೆಂಡಿಗೆ ಬರುತ್ತೆ. ಡಾಕ್ಟರಿಗೆ ಗೊತ್ತೂ ಆಗಲ್ಲ. ಕ್ಯೂಓಎಸ್‌ನ ಗುಟ್ಟು ಇಷ್ಟೇ ಅಂತ ನನ್ನ ಅನಿಸಿಕೆ. ಮುಂದೆ ಬಿಡಬೇಕಾದದ್ದು ಕಾಯಲಾರದ್ದನ್ನು, ಮತ್ತು ಅದಕ್ಕೆ ಬೇಕಾದದ್ದು ತೀರಾ ಸ್ವಲ್ಪವಾಗಿದ್ದರೆ ಮಾತ್ರ. ಎರಡರಲ್ಲಿ ಒಂದು ಇಲ್ಲದಿದ್ದರೂ ಕೆಡುತ್ತೆ.

ಹೇಗೆ ಕೆಡುತ್ತೆ ಅನ್ನೋದೇ ನನ್ನ ಎರಡನೇ ತಪ್ಪಿನ ಕತೆ.

ಫೋನು ಸರಿಯಾದ ಸುದ್ದಿ ಹರಡಿತು. ಡೈರೆಕ್ಟರ್ ಸಾಹೇಬರು ಕರೆಸಿದರು. ಅವರು ಸ್ವತಃ ಸರ್ಜನ್, ಒಳ್ಳೆಯ ಮನುಷ್ಯ.

"ಅದೇನೋ ಪ್ರಯಾರಿಟಿ ಕೊಟ್ಟೆಯಂತಲ್ಲಪ್ಪ ಫೋನಿಗೆ. ನನ್ನ ಕಂಪ್ಯೂಟರಿಗೂ ಕೊಟ್ಟುಬಿಡು."

"ಸರ್, ಅದು..."

"ನಾನು ಸ್ಕ್ಯಾನ್ ನೋಡೋದೂ ಪೇಷಂಟಿಗೋಸ್ಕರಾನೇ ಅಲ್ವೇನಪ್ಪಾ?"

ಏನು ಹೇಳಲಿ? ಹೂಂ ಅಂದೆ. ಅವರ ಕಂಪ್ಯೂಟರಿಗೆ ಹೋಗುವ ಬರುವ ಎಲ್ಲಕ್ಕೂ 46 ಅಂತ ಮುದ್ರೆ ಒತ್ತಿದೆ. ಅಲ್ಲಿಗೆ ನಿಲ್ಲಲಿಲ್ಲ. ಡೈರೆಕ್ಟರಿಗೆ ಕೊಟ್ಟ ಮೇಲೆ ಸೂಪರಿಂಟೆಂಡೆಂಟರಿಗೆ ಇಲ್ಲ ಅನ್ನೋಕಾಗುತ್ತಾ? ಆಮೇಲೆ ಅಕೌಂಟ್ಸ್ ಮುಖ್ಯಸ್ಥರು. ಆಮೇಲೆ ಅವರ ಪಿಎ. ಎರಡು ತಿಂಗಳಲ್ಲಿ 11 ಕಂಪ್ಯೂಟರು ಮೊದಲ ಕ್ಯೂನಲ್ಲಿ. ಪ್ರತಿಯೊಂದಕ್ಕೂ ಒಂದು ಕಾರಣ ಇತ್ತು, ಎಲ್ಲ ಕಾರಣವೂ ಕೇಳೋಕೆ ಸರಿಯಾಗೇ ಇತ್ತು.

ಒಂದು ದಿನ ಬಿಲ್ಲಿಂಗ್ ಕೌಂಟರಿನಿಂದ ಫೋನು. ಡಿಸ್ಚಾರ್ಜ್ ಬಿಲ್ ಮಾಡುವಾಗ ಸ್ಕ್ರೀನ್ ನಿಂತೇ ಹೋಗುತ್ತೆ, ಅರ್ಧ ನಿಮಿಷ ಬಿಟ್ಟು ಬರುತ್ತೆ. ಹೋಗಿ ನೋಡಿದರೆ ಕೌಂಟರಿನ ಮುಂದೆ ಜನ. ಕೈಯಲ್ಲಿ ಫ್ಲಾಸ್ಕು, ಬಟ್ಟೆ ಚೀಲ. ಮಗು ಎತ್ತಿಕೊಂಡ ಒಬ್ಬ ಅಜ್ಜಿ ಬಸ್ ತಪ್ಪುತ್ತೆ ಅಂತ ಪೇಚಾಡುತ್ತಿದ್ದರು. ಒಳಗೆ ಕೂತ ಹುಡುಗಿಯ ಮೇಲೆ ಎಲ್ಲರೂ ರೇಗುತ್ತಿದ್ದರು. "ಸರ್ವರ್ ಡೌನ್ ಸರ್, ನಾನೇನ್ ಮಾಡ್ಲಿ" ಅಂತ ಅವಳು ಅಳುವುದೊಂದು ಬಾಕಿ.

ಸರ್ವರ್ ಡೌನ್ ಆಗಿರಲಿಲ್ಲ. ಮೇಲಿನ ಮಹಡಿಯಲ್ಲಿ ಯಾರೋ ಸ್ಕ್ಯಾನ್ ತೆರೆದಾಗಲೆಲ್ಲ ಆ 21 ಸೆಕೆಂಡು ಉಳಿದ ಕ್ಯೂಗಳ ಬಾಗಿಲೇ ಮುಚ್ಚುತ್ತಿತ್ತು. ಮೊದಲ ಕ್ಯೂಗೆ ಮಿತಿ ಹಾಕದೆ ಬಿಟ್ಟವನು ನಾನು. ಮಾತು ಮಾತ್ರ ಇದ್ದಾಗ ಅದು ಗೊತ್ತಾಗಿರಲಿಲ್ಲ, ಏಕೆಂದರೆ ಮಾತಿಗೆ ಬೇಕಾದದ್ದೇ ಸ್ವಲ್ಪ.

ತಪ್ಪಿಗೆ ತೇಪೆ ಹಚ್ಚಿದೆ. ಮೊದಲ ಕ್ಯೂಗೆ 10 ಎಂಬಿಪಿಎಸ್ ಮಿತಿ ಹಾಕಿದೆ. ಬಿಲ್ಲಿಂಗ್ ಸರಿಹೋಯ್ತು. ಸಂಜೆ ಹೊತ್ತಿಗೆ ವಾರ್ಡಿನ ಸಿಸ್ಟರ್ ಫೋನು: "ಸರ್, ಮತ್ತೆ ಕಟ್ ಕಟ್."

ಆಗಲೇಬೇಕಿತ್ತು. ಮಿತಿ ಮೀರಿದಾಗ ಸ್ವಿಚ್ಚು ಪ್ಯಾಕೆಟ್ ಎಸೆಯುತ್ತೆ. ಯಾವುದನ್ನು ಎಸೆಯಬೇಕು? ಎಲ್ಲದರ ಹಣೆಯಲ್ಲೂ 46. ಪೊಟ್ಯಾಸಿಯಂ ಹೇಳುವ ಲ್ಯಾಬಿನ ಹುಡುಗನ ಮಾತು ಯಾವುದು, ಅಕೌಂಟ್ಸಿನವರ ಫೈಲ್ ಯಾವುದು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಗೊತ್ತಾಗಲಿ ಅಂತ ಇದ್ದ ಒಂದೇ ಗುರುತನ್ನು ನಾನೇ 11 ಜನಕ್ಕೆ ಹಂಚಿದ್ದೆ.

ಡೈರೆಕ್ಟರ್ ಹತ್ತಿರ ಹೋಗಲು ಧೈರ್ಯ ಬರೋಕೆ ಎರಡು ದಿನ ಬೇಕಾಯ್ತು. ಡಿಎಸ್‌ಸಿಪಿ, ಕ್ಯೂ, ಬಫರ್ ಅಂತ ಶುರುಮಾಡಿದೆ. ಅವರ ಮುಖ ನೋಡಿದರೆ ಒಂದೂ ತಲೆಗೆ ಹೋಗುತ್ತಿಲ್ಲ. ಆಮೇಲೆ ಕೇಳಿದೆ.

"ಸರ್, ಕ್ಯಾಶುವಾಲ್ಟಿಗೆ ಒಟ್ಟಿಗೆ ಇಪ್ಪತ್ತು ಜನ ಬಂದ್ರೆ ಯಾರನ್ನ ಮೊದಲು ನೋಡ್ತೀರಿ?"

"ಟ್ರಯಾಜ್ ಮಾಡ್ತೀವಿ. ಕೆಂಪು, ಹಳದಿ, ಹಸಿರು ಅಂತ ಪಟ್ಟಿ ಕಟ್ತೀವಿ."

"ಎಮ್ಮೆಲ್ಯೆ ಕೈ ಉಳುಕಿಸಿಕೊಂಡು ಬಂದ್ರೆ?"

ನಕ್ಕರು. "ಹಸಿರೇ. ಗಲಾಟೆ ಮಾಡ್ತಾರೆ, ಆದ್ರೂ ಹಸಿರೇ."

"ಸರ್, ನಿಮ್ಮ ಕಂಪ್ಯೂಟರಿಗೆ ನಾನು ಕೆಂಪು ಪಟ್ಟಿ ಕಟ್ಟಿದೀನಿ. ಇನ್ನೂ ಹತ್ತು ಜನಕ್ಕೂ ಕಟ್ಟಿದೀನಿ. ಈಗ ಕೆಂಪೇ ಕಾಯ್ತಾ ಇದೆ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇದನ್ನ ಅವತ್ತೇ ಹೇಳಬಾರದಿತ್ತೇನಪ್ಪಾ?" ಅಂದರು. ಆ ಪ್ರಶ್ನೆ ಇವತ್ತಿಗೂ ನನ್ನ ಹತ್ತಿರವೇ ಇದೆ. ಹೇಳಬಹುದಿತ್ತು. ಅವರು ಒಪ್ಪುವವರೇ ಆಗಿದ್ದರು. ದೊಡ್ಡವರು ಕೇಳಿದರು ಅಂತ ನಾನೇ ಹೆದರಿ ಕೊಟ್ಟುಬಿಟ್ಟಿದ್ದೆ.

ಅವತ್ತು ಒಂದು ಹಾಳೆಯಲ್ಲಿ ಪಟ್ಟಿ ಬರೆದು ಅವರಿಂದ ಸಹಿ ಹಾಕಿಸಿಕೊಂಡೆ. ಮೊದಲ ಕ್ಯೂನಲ್ಲಿ ಮಾತು ಮಾತ್ರ, 10 ಎಂಬಿಪಿಎಸ್ ಮೀರುವಂತಿಲ್ಲ. ಎರಡನೆಯದರಲ್ಲಿ ಲ್ಯಾಬ್ ರಿಪೋರ್ಟು, ಬಿಲ್ಲಿಂಗು, ಔಷಧಿ ಅಂಗಡಿ. ಉಳಿದ ದಾರಿಯಲ್ಲಿ ಶೇ. 45 ಅವಕ್ಕೆ ಖಾತ್ರಿ. ಮೂರನೆಯದರಲ್ಲಿ ಸ್ಕ್ಯಾನ್ ಚಿತ್ರ ಮತ್ತು ಮಾಮೂಲಿ ಇಂಟರ್ನೆಟ್, ಡೈರೆಕ್ಟರದ್ದೂ ಸೇರಿ, ಶೇ. 50. ಕೊನೆಯದರಲ್ಲಿ ರಾತ್ರಿ ಹೊಸ ಕಟ್ಟಡದಿಂದ ಹಳೇ ಕಟ್ಟಡಕ್ಕೆ ಹೋಗುವ ಬ್ಯಾಕಪ್, ಶೇ. 5. ಯಾರೂ ಬಳಸದೆ ಬಿಟ್ಟ ಪಾಲು ಉಳಿದವರಿಗೆ ಹಂಚಿಹೋಗುತ್ತೆ, ಹಾಗಾಗಿ ಏನೂ ವ್ಯರ್ಥ ಆಗಲ್ಲ. ರಾತ್ರಿ ಎರಡು ಗಂಟೆಗೆ ಬ್ಯಾಕಪ್ಪಿಗೆ ಹೆಚ್ಚು ಕಡಿಮೆ ಇಡೀ ದಾರಿ ಸಿಗುತ್ತೆ.

ಆ ಕೊನೆಯ ಶೇ. 5ರ ಬಗ್ಗೆ ಒಂದು ಮಾತು. ತೀರಾ ಕೆಳಗಿನ ಕ್ಯೂಗೆ ಏನೂ ಕೊಡದೆ ಬಿಡೋದು ಸುಲಭ. ಅಲ್ಲಿರುವವರು ದೂರು ಕೊಡಲ್ಲ. ಬ್ಯಾಕಪ್ಪಿಗೆ ಬಾಯಿಲ್ಲ. ಅದು ತಿಂಗಳುಗಟ್ಟಲೆ ಆಗದೇ ಇದ್ದದ್ದು ಗೊತ್ತಾಗೋದು ಡಿಸ್ಕ್ ಹೋದ ದಿನ. ಬಿಲ್ಲಿಂಗ್ ಕ್ಯೂನಲ್ಲಿದ್ದ ಅಜ್ಜಿಗೂ ಅಷ್ಟೆ. ತಾನು ಕಾಯುತ್ತಿರುವುದು ಮೇಲಿನ ಮಹಡಿಯ ಯಾರದೋ ಕಂಪ್ಯೂಟರಿಗೆ ನಾನು ಒತ್ತಿದ ಮುದ್ರೆಯಿಂದ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? 'ಸರ್ವರ್ ಡೌನ್' ಅಂತ ನಂಬಿ ಮುಂದಿನ ಬಸ್ಸಿಗೆ ಹೋಗ್ತಾರೆ. ಆದ್ಯತೆ ಕೊಡುವವನು ಮುಂದೆ ಹೋದವರ ಮುಖ ನೋಡಿರುತ್ತಾನೆ, ಹಿಂದೆ ಉಳಿದವರದ್ದು ನೋಡಿರಲ್ಲ. ಅದಕ್ಕೇ ಕ್ಯೂಓಎಸ್ ಹಾಕುವವರು ಒಂದು ಸಲ ಹೋಗಿ ಕೊನೆಯ ಕ್ಯೂನಲ್ಲಿ ನಿಲ್ಲಬೇಕು ಅಂತೀನಿ ನಾನು.

ಮೂರು ತಿಂಗಳಾದ ಮೇಲೆ ಹೊಸ ಕನ್ವರ್ಟರ್ ಬಂತು, ದಾರಿ ಒಂದು ಗಿಗಾಬಿಟ್ ಆಯ್ತು. "ಈಗ ಆ ಕ್ಯೂಓಎಸ್ ತೆಗೆದುಬಿಡಿ, ಬೇಕಾಗಿಲ್ಲ" ಅಂದರು ಕೆಲವರು. ನನ್ನ ವೃತ್ತಿಯಲ್ಲೂ ಹೀಗೆ ಹೇಳುವವರು ಬಹಳ, ಅವರ ಮಾತಿನಲ್ಲಿ ಸತ್ಯ ಇಲ್ಲದೆ ಇಲ್ಲ. ಕ್ಯೂ ಇಲ್ಲದ ಕಡೆ ಕ್ಯೂಓಎಸ್‌ಗೆ ಕೆಲಸವೇ ಇಲ್ಲ. ಆದರೆ ಚಿತ್ರದ ಸರ್ವರಿನಿಂದ ಒಂದು ಗಿಗಾಬಿಟ್, ಬ್ಯಾಕಪ್ ಸರ್ವರಿನಿಂದ ಇನ್ನೊಂದು ಗಿಗಾಬಿಟ್ ಒಟ್ಟಿಗೆ ಬಂದರೆ ಒಂದು ಗಿಗಾಬಿಟ್ಟಿನ ಬಾಗಿಲಲ್ಲಿ ಮತ್ತೆ ಕ್ಯೂ ನಿಲ್ಲುತ್ತೆ. 21 ಸೆಕೆಂಡಿನ ಜಾಗದಲ್ಲಿ ಎರಡು ಮೂರು ಸೆಕೆಂಡು ಇರಬಹುದು. 'ಸಿಕ್ಸ್' ಅನ್ನೋಕೆ 300 ಮಿಲಿಸೆಕೆಂಡು ಸಾಕಲ್ಲ. ತೆಗೆಯಲಿಲ್ಲ.

ಈಗ ಮತ್ತೆ ಟ್ರಂಕ್ ಕಾಲ್‌ಗೆ ಬರೋಣ. ನೆಟ್ ನ್ಯೂಟ್ರಾಲಿಟಿ ಗಲಾಟೆಯ ದಿನಗಳಲ್ಲಿ, 2015ರಲ್ಲಿ, ಗೆಳೆಯನೊಬ್ಬ ನನ್ನನ್ನು ಹಿಡಿದಿದ್ದ. "ಎಲ್ಲ ಪ್ಯಾಕೆಟ್ಟೂ ಸಮಾನ ಅಂತ ಭಾಷಣ ಬಿಗೀತೀಯ, ಆಫೀಸಲ್ಲಿ ಕೂತು ಪ್ಯಾಕೆಟ್ಟುಗಳಿಗೆ ಜಾತಿ ಹಂಚ್ತೀಯ." ಅವತ್ತು ಸರಿಯಾದ ಉತ್ತರ ಹೊಳೆದಿರಲಿಲ್ಲ. ಈಗ ಇದೆ. ಆಸ್ಪತ್ರೆಯ ಸ್ವಿಚ್ಚು ಆಸ್ಪತ್ರೆಯದ್ದು. ಅಲ್ಲಿ ಯಾರ ಕೆಲಸಕ್ಕೆ ಏನು ಬೇಕು ಅಂತ ಒಳಗಿನವರು ಕೂತು, ಬರೆದು, ತೀರ್ಮಾನಿಸಬಹುದು. ತಪ್ಪಾದರೆ ಬಂದು ಬೈಯೋಕೆ ಸಿಸ್ಟರ್ ಇದ್ದಾರೆ. ಊರಿನವರೆಲ್ಲರ ಪ್ಯಾಕೆಟ್ಟು ಹಾದುಹೋಗುವ ಕಂಪನಿಯ ದಾರಿ ಹಾಗಲ್ಲ. ಅಲ್ಲಿ ಮುಂದಿನ ಜಾಗವನ್ನು ದುಡ್ಡಿಗೆ ಮಾರೋಕೆ ಶುರುಮಾಡಿದರೆ ಅದು ಟ್ರಯಾಜ್ ಅಲ್ಲ, ಲೈಟ್ನಿಂಗ್ ಕಾಲ್. ಮಾರಲು ಸರಕು ಬೇಕಾದ್ದರಿಂದ ಆರ್ಡಿನರಿಯವರನ್ನು ಕಟ್ಟೆ ಮೇಲೆ ಕೂರಿಸಿಟ್ಟಷ್ಟೂ ಲಾಭ.

ನಮ್ಮ ದೇಶದಲ್ಲಿ ಈ ಬಗ್ಗೆ ಎರಡು ಒಳ್ಳೆಯ ಕೆಲಸ ಆಗಿವೆ. 2016ರ ಫೆಬ್ರವರಿ 8ರಂದು ಟ್ರಾಯ್, ಯಾವ ವೆಬ್‌ಸೈಟು ಅನ್ನೋದರ ಮೇಲೆ ಬೇರೆ ಬೇರೆ ದರ ವಿಧಿಸುವುದನ್ನು ನಿಷೇಧಿಸಿತು. ಕೆಲವನ್ನು ತಡೆಯುವುದು, ನಿಧಾನ ಮಾಡುವುದು, ಕೆಲವಕ್ಕೆ ಮಾತ್ರ ಹೆಚ್ಚಿನ ವೇಗ ಕೊಡುವುದು ಸಲ್ಲದು ಅಂತ 2017ರ ನವೆಂಬರಿನಲ್ಲಿ ಶಿಫಾರಸು ಮಾಡಿತು, 2018ರ ಜುಲೈನಲ್ಲಿ ಸರ್ಕಾರ ಅದನ್ನು ಒಪ್ಪಿತು. ನೆಟ್‌ವರ್ಕ್ ನಿರ್ವಹಣೆಗೆ ಬೇಕಾದ ನ್ಯಾಯವಾದ ಕ್ರಮಗಳಿಗೂ ಕೆಲವು ವಿಶೇಷ ಸೇವೆಗಳಿಗೂ ಅದರಲ್ಲಿ ವಿನಾಯಿತಿ ಇದೆ. ವಿನಾಯಿತಿ ಬೇಕೇ ಬೇಕು, ಇಲ್ಲದಿದ್ದರೆ ಆಂಬುಲೆನ್ಸೂ ಸಿಗ್ನಲ್ಲಿನಲ್ಲಿ ನಿಂತೀತು. ಆದರೆ ನನ್ನ ಆ 11 ಕಂಪ್ಯೂಟರುಗಳೂ ವಿನಾಯಿತಿಯಾಗಿಯೇ ಶುರುವಾದದ್ದು. ಒಂದೊಂದಕ್ಕೂ ಒಳ್ಳೆಯ ಕಾರಣ ಇತ್ತು. 'ವಿಶೇಷ ಸೇವೆ' ಅನ್ನೋ ಪಟ್ಟಿ ಎಲ್ಲಿಯವರೆಗೆ ಬೆಳೆಯುತ್ತೆ ಅಂತ ನಾವು ನೋಡುತ್ತಿರಬೇಕು.

ಇಷ್ಟೆಲ್ಲ ಕೊರೆದದ್ದಕ್ಕೆ ಸಾರಾಂಶ. ನಿಮ್ಮ ಆಫೀಸಿನಲ್ಲಿ ಕ್ಯೂಓಎಸ್ ಹಾಕುವ ಮಾತು ಬಂದರೆ ನಾಲ್ಕು ಪ್ರಶ್ನೆ ಕೇಳಿ. ಇದು ನಿಜವಾಗಿಯೂ ಕಾಯಲಾರದ್ದೋ, ಅಥವಾ ಕಾಯಲು ಇಷ್ಟವಿಲ್ಲದವರದ್ದೋ? ಇದಕ್ಕೆ ಬೇಕಾದದ್ದು ಎಷ್ಟು, ಅದಕ್ಕೆ ಮಿತಿ ಹಾಕಿದ್ದೀರಾ? ಗುರುತು ಹಾಕುವವರು ಯಾರು, ಅವರನ್ನು ಯಾಕೆ ನಂಬಬೇಕು? ಕೊನೆಯ ಕ್ಯೂಗೆ ಏನು ಉಳಿಯಿತು? ನಾಲ್ಕಕ್ಕೂ ಉತ್ತರ ಹಾಳೆಯ ಮೇಲೆ ಬರೆಸಿ, ಕೆಳಗೆ ಸಹಿ ಹಾಕಿಸಿ. ಕಮಾಂಡುಗಳು ಆಮೇಲೆ, ಅವು ಯಾವ ಕೈಪಿಡಿಯಲ್ಲಾದರೂ ಸಿಗುತ್ತವೆ.

ಆ ಸಿಸ್ಟರ್ ಈಗ ನಿವೃತ್ತರಾಗಿದ್ದಾರೆ. ಕೊನೆಯ ಸಲ ಹೋದಾಗ ಫೋನು ಹೇಗಿದೆ ಅಂತ ಕೇಳಿದ್ದೆ. "ಚೆನ್ನಾಗಿ ಕೇಳಿಸುತ್ತೆ ಸರ್. ಆದ್ರೂ ನಾವು ವಾಪಸ್ ಓದಿ ಹೇಳೋದು ಬಿಟ್ಟಿಲ್ಲ" ಅಂದರು. ಬಿಡಬಾರದು ಕೂಡ.

ನಿಮ್ಮ ಆಫೀಸುಗಳಲ್ಲಿ ಕೆಂಪು ಪಟ್ಟಿ ಯಾರ ಕೈಯಲ್ಲಿದೆ? 'ನನಗೂ ಕೊಟ್ಟುಬಿಡಪ್ಪ' ಅಂದ ದೊಡ್ಡವರಿಗೆ ಇಲ್ಲ ಅಂದವರು ಯಾರಾದರೂ ಇದ್ದೀರಾ? ಇದ್ದರೆ ಹೇಗೆ ಅಂದಿರಿ ಅಂತ ದಯವಿಟ್ಟು ಕೆಳಗೆ ಬರೆಯಿರಿ. ಮುಂದಿನ ಸಲ ನನಗೆ ಎರಡು ತಿಂಗಳು ಹಿಡಿಯೋದು ಬೇಡ :)